ಕನಸಿನೊಳಗಿನ ಎಚ್ಚರ ಮತ್ತು ವಿದ್ಯಾರ್ಥಿಯ ದಿನಚರಿ

ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಮೂರು ಅವಸ್ಥೆಗಳಲ್ಲಿ ಜೀವನು ದಿನದಿನವೂ ಸಂಚರಿಸುತ್ತಾನೆ. ಮಾಂಡೂಕ್ಯೋಪನಿಷತ್ತು ಇವನ್ನು ವಿವರಿಸಿ, ಇವುಗಳ ಆಚೆಗಿರುವ ತುರೀಯವನ್ನು ನಿರ್ದೇಶಿಸಿದೆ. ಹನ್ನೆರಡನೆಯ ಶತಮಾನದ ಶಿವಶರಣರ ವಚನಗಳಲ್ಲಿಯೂ ಈ ಅವಸ್ಥೆಗಳ ಪ್ರಸ್ತಾಪವು ಹಲವೆಡೆ ಬರುತ್ತದೆ. ಅಕ್ಕಮಹಾದೇವಿಯು ತಾನು ಕಂಡ ಕನಸನ್ನು ಕೆಳದಿಗೆ ಹೇಳುವ ವಚನವಂತೂ ಭಕ್ತರೆಲ್ಲರಿಗೆ ಪರಿಚಿತವಾದುದು. ಹೀಗಿರಲಾಗಿ ಕನಸೆಂದರೆ ಬರಿಯ ಹುಸಿಯೆಂದು ತಳ್ಳಿಬಿಡುವುದು ಉಚಿತವಲ್ಲ. ಆದರೆ ಕನಸಿನ ಬೆನ್ನುಹತ್ತಿ ಹಗಲಿನ ಕಾಯಕವನ್ನು ಕೆಡಿಸಿಕೊಳ್ಳುವುದೂ ಉಚಿತವಲ್ಲ. ಈ ಎರಡರ ನಡುವಣ ಹಾದಿ ಯಾವುದೆಂಬುದು ಇಂದು ಅನೇಕ ಮನೆಗಳಲ್ಲಿ ವಿಚಾರಿಸಬೇಕಾದ ಸಂಗತಿಯಾಗಿದೆ.

ಕನಸು ನಡೆಯುತ್ತಿರುವಾಗಲೇ ‘ಇದು ಕನಸು’ ಎಂದು ಅರಿಯುವುದನ್ನು ಪಾಶ್ಚಾತ್ಯರು ‘ಲ್ಯೂಸಿಡ್ ಡ್ರೀಮ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಅದನ್ನು ಅರಿವಿನ ಕನಸು ಎನ್ನಬಹುದು. ಡಚ್ ವೈದ್ಯನೂ ಸಾಹಿತಿಯೂ ಆಗಿದ್ದ ಫ್ರೆಡರಿಕ್ ವಾನ್ ಈಡನ್ 1913ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಹೆಸರು ರೂಢಿಗೆ ಬಂದಿತು. ಟಿಬೆಟ್ಟಿನ ಬೌದ್ಧ ಸಾಧಕರಲ್ಲಿಯಾದರೋ ಅದಕ್ಕಿಂತ ಎಷ್ಟೋ ಶತಮಾನಗಳ ಹಿಂದಿನಿಂದ ಸ್ವಪ್ನಯೋಗವೆಂಬ ಸಾಧನೆಯು ನಡೆದುಬಂದಿದೆ. 1975ರಲ್ಲಿ ಇಂಗ್ಲೆಂಡಿನ ಹಲ್ ನಗರದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕನು ಇದನ್ನು ಪರೀಕ್ಷೆಗೊಡ್ಡಿದನು. ಅಲ್ಲಿ ನಿದ್ರಿಸಿದ್ದ ಆಲನ್ ವರ್ಸ್ಲಿ ಎಂಬಾತನು, ಮೊದಲೇ ಗೊತ್ತುಮಾಡಿಕೊಂಡಿದ್ದ ಸಂಜ್ಞೆಯಂತೆ, ಕನಸಿನೊಳಗಿದ್ದುಕೊಂಡೇ ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಹೊರಳಿಸಿದನು. ಯಂತ್ರವು ಅದನ್ನು ದಾಖಲಿಸಿಕೊಂಡಿತು. ಬಳಿಕ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಲಾಬರ್ಜ್ ಇದೇ ವಿಷಯದ ಮಹಾಪ್ರಬಂಧವನ್ನು 1980ರಲ್ಲಿ ಮುಗಿಸಿ, ಅಭ್ಯಾಸದ ಕ್ರಮವನ್ನೂ ರೂಪಿಸಿದನು. ಆದುದರಿಂದ ಇದು ಮಾಟವೂ ಅಲ್ಲ, ಮಂತ್ರವೂ ಅಲ್ಲ. ಮನಸ್ಸಿನ ಒಂದು ಸಹಜ ಶಕ್ತಿ.

ಈ ವಿದ್ಯೆಯ ವಿಷಯ ತಿಳಿದ ಪ್ರೌಢಶಾಲೆಯ ಬಾಲಕನಿಗೆ ಕುತೂಹಲವುಂಟಾಗುವುದು ಸಹಜ. ಆದರೆ ಅವನ ದಿನವು ಹೇಗಿದೆ? ಮುಂಜಾನೆ ಐದೂವರೆಗೆ ಏಳುವುದು, ಸ್ನಾನ, ಪೂಜೆ, ಟ್ಯೂಷನ್, ಬಸ್ಸು ಹಿಡಿದು ಶಾಲೆ, ಸಂಜೆ ಮತ್ತೆ ವಿಶೇಷ ತರಗತಿ, ರಾತ್ರಿ ಮನೆಪಾಠ. ಹನ್ನೊಂದಕ್ಕೆ ಮಲಗಿದರೆ ಅವನಿಗೆ ದೊರೆಯುವುದು ಆರೂವರೆ ಗಂಟೆಯ ನಿದ್ರೆ. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ರೆ ಅಗತ್ಯವೆಂದು ಅಮೆರಿಕೆಯ ನಿದ್ರಾವೈದ್ಯರ ಸಂಸ್ಥೆಯು 2016ರಲ್ಲಿ ಸಾರಿದೆ. ಇಂತಹ ಬಾಲಕನು ಕನಸಿನ ಆಸೆಯಿಂದ ನಡುರಾತ್ರಿಗೆ ಅಲಾರಂ ಇಟ್ಟು ಏಳತೊಡಗಿದರೆ, ಇದ್ದ ನಿದ್ರೆಯೂ ಹರಿದುಹೋಗುತ್ತದೆ. ಓದಿದುದು ನೆನಪಿನಲ್ಲಿ ನೆಲೆಗೊಳ್ಳುವ ಕಾರ್ಯವು ನಿದ್ರೆಯಲ್ಲಿಯೂ ಮುಂದುವರಿಯುತ್ತದೆ. ಬಿತ್ತನೆಯ ಕಾಳನ್ನು ಹುರಿದು ತಿಂದವನು ಸುಗ್ಗಿಯನ್ನು ಎದುರುನೋಡಿದಂತೆ ಅವನ ಸ್ಥಿತಿಯಾಗುತ್ತದೆ.

ನಿದ್ರೆಯ ಗತಿಯನ್ನು ತಿಳಿದರೆ ಈ ಮಾತು ಮತ್ತಷ್ಟು ಸ್ಪಷ್ಟವಾಗುವುದು. ಮುಚ್ಚಿದ ರೆಪ್ಪೆಗಳೊಳಗೆ ಕಣ್ಣಾಲಿಗಳು ವೇಗವಾಗಿ ಚಲಿಸುವ ಒಂದು ಬಗೆಯ ನಿದ್ರೆಯುಂಟೆಂದು ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಪ್ರಕಟಿಸಿದರು. ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಸುಮಾರು 90 ನಿಮಿಷಗಳಿಗೊಮ್ಮೆ ಅದು ಮರಳಿ ಬರುತ್ತದೆ. ಬೆಳಗು ಹತ್ತಿರವಾದಂತೆ ಅದರ ಅವಧಿಯು ದೀರ್ಘವಾಗುತ್ತದೆ. ಎಂದಮೇಲೆ ನಿದ್ರೆಯ ಕೊನೆಯ ಎರಡು ಗಂಟೆಗಳನ್ನು ಕಳೆದುಕೊಂಡವನು ಕನಸಿನ ಬಹುಭಾಗವನ್ನೇ ಕಳೆದುಕೊಂಡನು. ಅರಿವಿನ ಕನಸನ್ನು ಬಯಸುವವನಿಗೆ ಮೊದಲನೆಯ ಸಾಧನವು ಬೇಗ ಮಲಗುವುದೇ ಆಗಿದೆ.

ಇನ್ನು ಅಭ್ಯಾಸದ ಕ್ರಮ. ಇದರಲ್ಲಿ ನಿದ್ರೆಯನ್ನು ಮುರಿಯದ ವಿಧಾನಗಳೂ ಉಂಟು, ಮುರಿಯುವ ವಿಧಾನವೂ ಉಂಟು. ವಿದ್ಯಾರ್ಥಿಗೆ ಮೊದಲಿನವು ನಿತ್ಯಕ್ಕೆ ಯೋಗ್ಯ.

ಬೆಳಗ್ಗೆ ಎಚ್ಚರವಾದೊಡನೆ ಹೊರಳಾಡದೆ, ಕಣ್ಣು ಮುಚ್ಚಿಕೊಂಡೇ ಒಂದು ನಿಮಿಷ ಕಂಡ ಕನಸನ್ನು ನೆನೆಯಬೇಕು. ಆಮೇಲೆ ದಿಂಬಿನ ಬಳಿಯ ಪುಸ್ತಕದಲ್ಲಿ ಎರಡು ಮೂರು ಸಾಲು ಬರೆದಿಡಬೇಕು. ಹೀಗೆ ಬರೆಯುತ್ತ ಹೋದರೆ ಕೆಲವೇ ವಾರಗಳಲ್ಲಿ ಮರಳಿ ಮರಳಿ ಬರುವ ಗುರುತುಗಳು ಕಾಣಿಸುತ್ತವೆ: ಮರೆತುಹೋದ ಪರೀಕ್ಷೆ, ತಪ್ಪಿಹೋದ ಬಸ್ಸು, ಅಗಲಿದ ಅಜ್ಜಿ. ಅವು ಕನಸನ್ನು ಗುರುತಿಸುವ ಕುರುಹುಗಳು.

ಹಗಲಿನಲ್ಲಿ ‘ಇದು ಎಚ್ಚರವೋ ಕನಸೋ’ ಎಂದು ನಿಂತು ವಿಚಾರಿಸುವುದು ಮತ್ತೊಂದು ವಿಧಾನ. ಇದಕ್ಕೆ ಪ್ರತ್ಯೇಕ ಸಮಯವೇ ಬೇಡ. ಶಾಲೆಯ ಗಂಟೆಯು ಪ್ರತಿ ಪಾಠದ ಕೊನೆಯಲ್ಲಿಯೂ ಬಾರಿಸುತ್ತದೆ. ಗಂಟೆ ಕೇಳಿದೊಡನೆ ಕರಿಹಲಗೆಯ ಮೇಲಿನ ಒಂದು ಸಾಲನ್ನು ಓದಿ, ದೃಷ್ಟಿಯನ್ನು ತೆಗೆದು, ಮತ್ತೊಮ್ಮೆ ಓದಬೇಕು. ಎಚ್ಚರದಲ್ಲಿ ಅಕ್ಷರವು ಸ್ಥಿರವಾಗಿರುತ್ತದೆ; ಕನಸಿನಲ್ಲಿ ಅದು ಬಹುಮಟ್ಟಿಗೆ ಬದಲಾಗುತ್ತದೆ. ಕ್ಷಣಮಾತ್ರದ ಈ ವಿಚಾರವನ್ನು ಯಾಂತ್ರಿಕವಾಗಿ ಮಾಡದೆ ಮನಸ್ಸಿಟ್ಟು ಮಾಡಬೇಕು. ಬಿಡುವಿಲ್ಲದ ದಿನಚರಿಯು ಅಡ್ಡಿಯೆಂದು ಭಾವಿಸಿದ್ದವನಿಗೆ ಆ ದಿನಚರಿಯೇ ಸಾಧನವಾಗಿ ಒದಗುತ್ತದೆ.

ಮಲಗುವಾಗ ಮಾಡುವ ಸಂಕಲ್ಪವು ಮೂರನೆಯದು. ‘ಮುಂದೆ ಕನಸು ಬಿದ್ದಾಗ ಅದು ಕನಸೆಂದು ನೆನಪಿಟ್ಟುಕೊಳ್ಳುವೆನು’ ಎಂದು ನಿಧಾನವಾಗಿ ಹೇಳಿಕೊಂಡು, ಹಿಂದಿನ ಒಂದು ಕನಸಿನಲ್ಲಿ ಹಾಗೆ ಅರಿತಂತೆ ಭಾವಿಸುತ್ತ ನಿದ್ರೆಹೋಗಬೇಕು. ಲಾಬರ್ಜನ ಕ್ರಮದ ತಿರುಳು ಇದೇ. ನೀರಡಿಕೆಯಿಂದಲೋ ಮತ್ತಾವ ಕಾರಣದಿಂದಲೋ ಬೆಳಗಿನ ಜಾವ ತಾನಾಗಿ ಎಚ್ಚರವಾದರೆ ಆಗ ಮಾಡುವ ಸಂಕಲ್ಪಕ್ಕೆ ಬಲ ಹೆಚ್ಚು.

ಸುಮಾರು ಐದು ಗಂಟೆ ನಿದ್ರಿಸಿ, ಎದ್ದು, ಅರ್ಧ ಗಂಟೆಯವರೆಗೆ ಎಚ್ಚರವಿದ್ದು ಮತ್ತೆ ಮಲಗುವುದು ನಿದ್ರೆಯನ್ನು ಮುರಿಯುವ ವಿಧಾನ. ಫಲವು ಬೇಗ ದೊರೆಯುವುದು ಇದರಿಂದಲೇ ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಮರುದಿನ ರಜೆಯಿದ್ದು, ತಡವಾಗಿ ಏಳಲು ಅವಕಾಶವಿರುವ ರಾತ್ರಿಗೆ ಮಾತ್ರ ಇದು ಸಲ್ಲುತ್ತದೆ. ಪರೀಕ್ಷೆಯ ತಿಂಗಳುಗಳಲ್ಲಿ ಇದನ್ನು ಪೂರ್ಣವಾಗಿ ಬಿಡತಕ್ಕದ್ದು.

ಗೃಹಸ್ಥರು ಅರಿಯಬೇಕಾದ ಇನ್ನೊಂದು ಸಂಗತಿಯುಂಟು. ಕನಸಿನ ನಿದ್ರೆಯಲ್ಲಿ ದೇಹದ ಸ್ನಾಯುಗಳು ಸಡಿಲಗೊಂಡು ಅಲುಗದಂತಿರುತ್ತವೆ. ಆ ಸ್ಥಿತಿಯು ಕಳೆಯುವ ಮೊದಲೇ ಎಚ್ಚರವಾದರೆ ಕೈಕಾಲು ಆಡದೆ, ಎದೆಯ ಮೇಲೆ ಯಾರೋ ಕುಳಿತಂತೆ ತೋರುತ್ತದೆ. ನಿದ್ರೆಗೆಟ್ಟವರಲ್ಲಿ ಇದು ಹೆಚ್ಚು. ಇದನ್ನು ದೆವ್ವವೆಂದು ಬಗೆದು ಮಗುವನ್ನು ತಾಯಿತ ಕಟ್ಟುವವರ ಬಳಿಗೆ ಒಯ್ಯಬೇಕಾಗಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ಕಳೆಯುತ್ತದೆ. ಮತ್ತೆ ಮತ್ತೆ ಬರುವುದಾದರೆ ವೈದ್ಯರಿಗೆ ತೋರಿಸುವುದು ವಿಹಿತ. ಹಗಲಿನಲ್ಲಿಯೇ ನಿಜ ಯಾವುದು, ಭ್ರಮೆ ಯಾವುದು ಎಂಬ ಗೊಂದಲವುಳ್ಳವರು ಈ ಅಭ್ಯಾಸಕ್ಕೆ ಕೈಹಾಕಲೇಬಾರದು.

ತಂದೆತಾಯಿಗಳು ಮಗನ ಕನಸಿನ ಪುಸ್ತಕವನ್ನು ಕಂಡು ಗದರಿಸಿದರೆ ಅವನು ಅದನ್ನು ಬಚ್ಚಿಡುವನೇ ಹೊರತು ಬಿಡುವುದಿಲ್ಲ. ಹಾಗೆ ಬಚ್ಚಿಟ್ಟ ಅಭ್ಯಾಸವು ನಡುರಾತ್ರಿಯ ಅಲಾರಮಿಗೆ ತಿರುಗುವುದು ಸುಲಭ. ‘ಮಗೂ, ನಿನ್ನೆ ಏನು ಕಂಡೆಯಪ್ಪಾ?’ ಎಂದು ಬೆಳಗಿನ ಉಪಾಹಾರದ ಹೊತ್ತಿಗೆ ಕೇಳುವ ಮನೆಯಲ್ಲಿ ‘ರಾತ್ರಿ ಒಂಬತ್ತೂವರೆಗೆ ಮಲಗು’ ಎಂಬ ಮಾತಿಗೂ ಬೆಲೆಯಿರುತ್ತದೆ. ಮೊಬೈಲು ಹಾಸಿಗೆಯಿಂದ ದೂರವಿರಲೆಂಬ ನಿಯಮವನ್ನು ಮಕ್ಕಳಿಗೆ ವಿಧಿಸುವ ಮೊದಲು ಹಿರಿಯರು ತಾವು ಪಾಲಿಸತಕ್ಕದ್ದು.

ಕನಸಿನಲ್ಲಿ ಹಾರಾಡಿದುದರಿಂದ ಯಾರೂ ದೊಡ್ಡವರಾಗಲಿಲ್ಲ. ಅದು ಬರಿಯ ವಿನೋದ. ಆದರೆ ಭಯಂಕರವಾದ ಕನಸಿನ ನಡುವೆ ‘ಇದು ಕನಸು’ ಎಂದು ಅರಿತು ಹೆದರದೆ ನಿಂತ ಬಾಲಕನು ಒಂದು ಪಾಠವನ್ನು ಕಲಿತಿರುತ್ತಾನೆ. ಕೋಪ ಬಂದಾಗ ‘ಇದು ಕೋಪ’ ಎಂದೂ, ಆಸೆ ಬಂದಾಗ ‘ಇದು ಆಸೆ’ ಎಂದೂ ಅರಿಯುವುದು ಅದೇ ಪಾಠದ ಮುಂದಿನ ಭಾಗ. ಶರಣರು ಅರಿವೆಂದು ಕರೆದುದು ಹಗಲಿನ ನಡೆನುಡಿಯಲ್ಲಿ ಬೆಳಗುವಂತಹುದು. ಹಗಲೆಲ್ಲ ಮೈಮರೆತವನಿಗೆ ರಾತ್ರಿಯ ಎಚ್ಚರವು ಎಲ್ಲಿಂದ ಬಂದೀತು? ವಿದ್ಯಾರ್ಥಿಗೆ ವಿದ್ಯೆಯೇ ಕಾಯಕ. ಆ ಕಾಯಕದಲ್ಲಿ ಎಚ್ಚರವಾಗಿದ್ದು, ಹೊತ್ತಿಗೆ ಸರಿಯಾಗಿ ಮಲಗುವವನಿಗೆ ಅರಿವಿನ ಕನಸು ಬಂದರೆ ಸಂತೋಷ; ಬಾರದಿದ್ದರೂ ನಷ್ಟವೇನೂ ಇಲ್ಲ.