ಸತ್ತವರ ನಿಮಿತ್ತ ದುಃಖಿಸುವ ರೀತಿ

ಮರಣವು ಎಲ್ಲಾ ಜನಾಂಗಗಳ ಮನೆಬಾಗಿಲಿಗೂ ಬರುತ್ತದೆ. ಆದರೆ ದುಃಖಿಸುವ ರೀತಿಯು ಎಲ್ಲಾ ಕಡೆಯಲ್ಲಿಯೂ ಒಂದೇ ಆಗಿರುವದಿಲ್ಲ. ಯಾಕೋಬನು ಸತ್ತಾಗ ಐಗುಪ್ತದವರು ಅವನಿಗಾಗಿ 70 ದಿವಸ ಅತ್ತರು. ಅವನ ಮಗನಾದ ಯೋಸೇಫನು ಯೊರ್ದನಿನ ಆಚೆಯ ಒಂದು ಕಣದಲ್ಲಿ 7 ದಿವಸ ಗೋಳಾಡಿದನು. ಮೋಶೆಗಾಗಿ ಇಸ್ರಾಯೇಲ್ಯರು 30 ದಿವಸ ದುಃಖಿಸಿದರು. ಇಂಗ್ಲೆಂಡಿನ ವಿಕ್ಟೋರಿಯ ರಾಣಿಯು 1861ರಲ್ಲಿ ಗಂಡನು ತೀರಿಕೊಂಡಂದಿನಿಂದ 1901ರಲ್ಲಿ ತಾನು ಸಾಯುವ ತನಕ ಶೋಕದ ಕಪ್ಪು ವಸ್ತ್ರವನ್ನು ಬಿಡಲಿಲ್ಲ. ನಮ್ಮ ನಾಡಿನಲ್ಲಿಯಾದರೋ ಕೆಲವರು ಹೆಣವನ್ನು ಸುಡುತ್ತಾರೆ; ಲಿಂಗವಂತರು ಕೂತಿರುವ ಹಾಗೆಯೇ ಹೂಣಿಡುತ್ತಾರೆ. ಹೀಗಿರಲಾಗಿ ಕರ್ತನ ಸಭೆಯವರಾದ ನಾವು ಯಾವ ರೀತಿಯಿಂದ ದುಃಖಿಸಬೇಕು?

ನಾವು ಸೆಮಿನರಿಯಿಂದ ಹೊಸದಾಗಿ ಬಂದ ಕಾಲದಲ್ಲಿ, ಒಂದು ಹಳ್ಳಿಯಲ್ಲಿ ಮಗನನ್ನು ಕಳಕೊಂಡ ತಾಯಿಯೊಬ್ಬಳು ಅವನ ಹೆಸರು ಹಿಡಿದು ರಾಗವಾಗಿ ಅಳುತ್ತಿದ್ದಳು. ಇದು ಅವಿಶ್ವಾಸದ ಗುರುತೆಂದು ಹೇಳಿ ನಾವು ಆಕೆಯನ್ನು ಸುಮ್ಮನಿರಿಸಿದೆವು. ಆಕೆಯು ಸುಮ್ಮನಾದಳು, ಆದರೆ ಬಹು ದಿನಗಳ ವರೆಗೆ ಪ್ರಾರ್ಥನೆಗೆ ಬರಲಿಲ್ಲ.

ಆಮೇಲೆ ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯವನ್ನು ಓದುವಾಗ ನಾಚಿಕೊಂಡೆವು. ತಾನು ಲಾಜರನನ್ನು ಎಬ್ಬಿಸುವೆನೆಂದು ಕರ್ತನು ಬಲ್ಲವನಾಗಿದ್ದನು. ಆದರೂ ಅಳುತ್ತಿದ್ದ ಮರಿಯಳನ್ನು ಆತನು ಗದರಿಸದೆ ತಾನೂ ಕಣ್ಣೀರು ಬಿಟ್ಟನು. ಪೌಲನು ಥೆಸಲೋನಿಕದ ಸಭೆಗೆ ಬರೆದಾಗಲೂ ಅಳುವದನ್ನೇ ನಿಷೇಧಿಸಲಿಲ್ಲ. ನಿರೀಕ್ಷೆಯನ್ನು ಅರಿಯದವರ ಹಾಗೆ ಅಳುವದನ್ನು ಮಾತ್ರ ಬೇಡವೆಂದನು. ನಾವು ಅಪೊಸ್ತಲನ ಮಾತಿನಲ್ಲಿ ಅರ್ಧವನ್ನೇ ಹಿಡುಕೊಂಡಿದ್ದೆವು. ಆದದರಿಂದ ಆ ಮನೆಗೆ ತಿರಿಗಿ ಹೋಗಿ ತಪ್ಪನ್ನು ಒಪ್ಪಿಕೊಂಡೆವು. ಆಕೆಯು ಮಗನ ಬಾಲ್ಯದ ಸಂಗತಿಗಳನ್ನು ಹೇಳುತ್ತಾ ಬಹಳ ಹೊತ್ತು ಅತ್ತಳು. ಈ ಸಾರಿ ನಾವು ಕೇಳುತ್ತಾ ಕೂತೆವು. ಕಡೆಗೆ ಪ್ರಾರ್ಥನೆ ಮಾಡೆಂದು ಆಕೆಯೇ ಕೇಳಿಕೊಂಡಳು.

ಹಾಗಾದರೆ ಎಲ್ಲಾ ಪದ್ಧತಿಗಳೂ ಒಳ್ಳೇವೋ? ಅಲ್ಲ. ವಿಧವೆಯ ಬಳೆಗಳನ್ನು ಒಡೆದು ಆಕೆಯನ್ನು ಅಶುಭಳೆಂದು ಮೂಲೆಗೆ ತಳ್ಳುವದು ಕೆಲವು ಕಡೆ ಇನ್ನೂ ನಡೆಯುತ್ತದೆ. ವಿಧವೆಯರನ್ನು ಕಾಯುವ ದೇವರ ಮುಂದೆ ಇದು ಪಾಪವೇ. ಸತ್ತವನ ಹೆಸರಿನಲ್ಲಿ ಊರಿಗೆ ಊಟ ಹಾಕಬೇಕೆಂದು ಸಾಲ ಮಾಡಿ, ಮಕ್ಕಳ ಪಾಲಿನ ಹೊಲವನ್ನು ಒತ್ತೆ ಇಡುವದೂ ಬೇಡ. ಊಟಕ್ಕೆ ಕೂತ ನಾವು ಎದ್ದು ಹೋಗುತ್ತೇವೆ. ಬಡ್ಡಿಯು ಆ ಮನೆಯಲ್ಲಿಯೇ ಉಳಿಯುತ್ತದೆ.

ಈ ವಿಷಯದಲ್ಲಿ ಯೆಹೂದ್ಯರ ಪದ್ಧತಿಯು ನಮಗೆ ಬುದ್ಧಿ ಕಲಿಸುತ್ತದೆ. ಅವರಲ್ಲಿ ಹೂಣಿಟ್ಟು ಬಂದ ಮನೆಯವರು 7 ದಿವಸ ಮನೆಯಲ್ಲಿಯೇ ತಗ್ಗಾದ ಪೀಠಗಳ ಮೇಲೆ ಕೂತಿರುತ್ತಾರೆ. ನೆರೆಯವರೇ ಅವರಿಗೆ ಊಟ ತರುತ್ತಾರೆ. ಯೋಬನ ಸ್ನೇಹಿತರೂ 7 ದಿವಸ ಮಾತಾಡದೆ ಅವನ ಬಳಿಯಲ್ಲಿ ನೆಲದ ಮೇಲೆ ಕೂತಿದ್ದರು. ಅವರು ತಪ್ಪಿದ್ದು ಬಾಯಿ ತೆರೆದ ಮೇಲೆಯೇ.

ಆದಕಾರಣ ಪ್ರಿಯರೇ, ನಿಮ್ಮ ಸಭೆಯಲ್ಲಿ ಇನ್ನು ಮುಂದೆ ಮರಣವಾದರೆ ಹೀಗೆ ಮಾಡಿರಿ: ಗುಂಡಿ ತೋಡುವದಕ್ಕೆ ಮನೆಗೊಬ್ಬನು ಹೋಗಲಿ, ಒಂದು ವಾರ ಸರದಿಯ ಮೇಲೆ ಆ ಮನೆಗೆ ಅನ್ನವನ್ನೋ ಗಂಜಿಯನ್ನೋ ಒಯ್ಯಿರಿ, ಅಳುವವರನ್ನು ತಡೆಯಬೇಡಿರಿ. ಅವರು ಕೇಳಿದಾಗ ಪುನರುತ್ಥಾನದ ಮಾತನ್ನು ಮೆಲ್ಲಗೆ ಹೇಳಿರಿ. ಮರಣವನ್ನು ಜಯಿಸಿದ ಕರ್ತನು ಈ ಹೊತ್ತು ದುಃಖಿಸುವ ಎಲ್ಲಾ ಮನೆಗಳನ್ನು ಸಂತೈಸಲಿ. ಆಮೆನ್.