ಮೈಕಿನ ಮುಂದೆ ದೇವರ ಪದ

ಹಾಡಿದ ಪದವನ್ನು ಯಂತ್ರ ಹಿಡಿದಿಟ್ಟಾಗ ಅಲ್ಲಿ ಉಳಿಯುವುದು ಏನು ಎಂಬ ಪ್ರಶ್ನೆ ಯಂತ್ರಕ್ಕಿಂತ ಬಹಳ ಹಳೆಯದು. ಬಾಯಿಂದ ಹೊರಟ ಶಬ್ದ ಉಳಿಯುತ್ತದೆಯೇ ಅಳಿಯುತ್ತದೆಯೇ, ಅದು ದ್ರವ್ಯವೋ ಗುಣವೋ ಎಂದು ಭಾರತದ ದರ್ಶನಕಾರರು ಶತಮಾನಗಳ ಕಾಲ ವಾದಿಸಿದ್ದಾರೆ. ಸಕಲೇಶಪುರ ಮತ್ತು ಆಲೂರಿನ ಗುಡ್ಡಗಳಲ್ಲಿ ಆ ವಾದಕ್ಕೆ ಈಗ ಮನೆಯೊಳಗೇ ಜಾಗ ಸಿಕ್ಕಿದೆ. ಸೋಬಾನೆ ಪದ, ಸುಗ್ಗಿಯ ಪದ, ಗ್ರಾಮದೇವತೆಯ ಪದ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ರಜೆಗೆ ಬರುವ ಮೊಮ್ಮಕ್ಕಳು ಕೆಲವು ಸಾವಿರ ರೂಪಾಯಿಯ ಯುಎಸ್‌ಬಿ ಮೈಕು ತಂದು ಅಜ್ಜಿಯ ಮುಂದಿಡಬಹುದಾದ ಕಾಲ ಇದು. ಅಜ್ಜಿ ಹಾಡುವುದು ದೇವರಿಗೆ. ಮೈಕಿನ ಮುಂದೆ ಹಾಡಿದ್ದನ್ನು ಸೇವೆ ಎನ್ನಬೇಕೋ, ಮಾದರಿ ಎನ್ನಬೇಕೋ, ಬರಿಯ ಸದ್ದು ಎನ್ನಬೇಕೋ?

ನ್ಯಾಯದರ್ಶನದ ಪ್ರಕಾರ ಶಬ್ದ ಆಕಾಶದ ಗುಣ. ಅದು ಹುಟ್ಟುತ್ತದೆ, ಕ್ಷಣದಲ್ಲೇ ಅಳಿಯುತ್ತದೆ. ಅಳಿಯುವ ಮುನ್ನ ತನ್ನಂಥ ಇನ್ನೊಂದನ್ನು ಹುಟ್ಟಿಸುತ್ತದೆ. ಹೀಗೆ ಒಂದರಿಂದೊಂದು ಹುಟ್ಟುತ್ತ ಬಂದ ಸಾಲಿನ ಕೊನೆಯ ಶಬ್ದ ಕಿವಿಗೆ ತಾಗುತ್ತದೆ. ಈ ಹರಡುವಿಕೆಗೆ ನೈಯಾಯಿಕರು ಎರಡು ದೃಷ್ಟಾಂತ ಕೊಟ್ಟರು: ನೀರಿನ ತೆರೆಯಿಂದ ತೆರೆ ಏಳುವುದು, ಕದಂಬದ ಮೊಗ್ಗು ಸುತ್ತಲೂ ಒಟ್ಟಿಗೆ ಅರಳುವುದು. ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಅವರಿಗೆ ಶಬ್ದ ನಿತ್ಯ. ಗಂಟಲು ಅದನ್ನು ಹುಟ್ಟಿಸುವುದಿಲ್ಲ, ತೋರಿಸುತ್ತದೆ ಅಷ್ಟೆ. ವೈಯಾಕರಣ ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ಇನ್ನೂ ಸೂಕ್ಷ್ಮವಾದ ಗೆರೆ ಎಳೆದ. ಬೇಗ ಹೇಳಿದರೂ ನಿಧಾನವಾಗಿ ಹೇಳಿದರೂ ಪದ ಒಂದೇ. ಆ ವೇಗದ ಭೇದ ಧ್ವನಿಯದು ಎಂಬುದು ಅವನ ನಿಲುವು.

ಜೈನರ ಉತ್ತರ ಮೈಕು ಬಳಸುವವರಿಗೆ ಎಲ್ಲಕ್ಕಿಂತ ಹತ್ತಿರದ್ದು. ‘ತತ್ತ್ವಾರ್ಥಸೂತ್ರ’ದ ಐದನೆಯ ಅಧ್ಯಾಯ ಶಬ್ದವನ್ನು ಕತ್ತಲೆ, ನೆರಳು, ಬಿಸಿಲುಗಳ ಜೊತೆಗೆ ಪುದ್ಗಲದ, ಅಂದರೆ ಜಡದ್ರವ್ಯದ, ಸಾಲಿನಲ್ಲಿ ಸೇರಿಸುತ್ತದೆ. ಅದರ ಮೇಲಿನ ಪೂಜ್ಯಪಾದರ ವ್ಯಾಖ್ಯಾನ ‘ಸರ್ವಾರ್ಥಸಿದ್ಧಿ’ ಇದಕ್ಕೆ ಕಾರಣ ಕೊಡುತ್ತದೆ: ಮಾತನ್ನು ಗೋಡೆ ತಡೆಯುತ್ತದೆ, ದೊಡ್ಡ ಸದ್ದು ಸಣ್ಣದನ್ನು ಅಡಗಿಸುತ್ತದೆ, ರೂಪವಿಲ್ಲದ ವಸ್ತುವಿಗೆ ಇದು ಆಗದು. ಹಾಸನ ಜಿಲ್ಲೆಯ ಶ್ರವಣಬೆಳಗೊಳ ಜೈನ ವಿದ್ಯೆಯ ದೊಡ್ಡ ನೆಲೆ. ಹೊಯ್ಸಳರ ಕಾಲದ ಜೈನ ಕವಿ ಕೇಶಿರಾಜ ಸುಮಾರು 1260ರಲ್ಲಿ ಬರೆದ ‘ಶಬ್ದಮಣಿದರ್ಪಣ’ ಶಬ್ದ ದ್ರವ್ಯ ಎಂಬ ಇದೇ ನಂಬಿಕೆಯಿಂದ ಮೊದಲಾಗುತ್ತದೆ. ಅವನ ಪ್ರಕಾರ ಜೀವದ ಇಷ್ಟದಿಂದ, ಅನುಕೂಲವಾದ ಗಾಳಿಯ ಸಹಾಯದಿಂದ, ನಾಭಿಯ ಮೂಲದಲ್ಲಿ ಕಹಳೆಯ ಆಕಾರದಲ್ಲಿ ಶಬ್ದದ್ರವ್ಯ ಹುಟ್ಟುತ್ತದೆ. ಅದರ ಬಣ್ಣ ಬಿಳುಪು ಎಂದೂ ಹೇಳುತ್ತಾನೆ. ಬಣ್ಣದ ಮಾತನ್ನು ಇಂದಿನ ಓದುಗರು ಬದಿಗಿಡಬಹುದು. ಉಳಿದ ಮೂರನ್ನು, ಅಂದರೆ ಇಷ್ಟ, ಗಾಳಿ, ಹುಟ್ಟುವ ತಾಣ, ಕೈಬಿಡಬಾರದು. ಮುಂದಿನ ವಿಚಾರವೆಲ್ಲ ಅವುಗಳ ಮೇಲೆಯೇ ನಿಂತಿದೆ.

ಮೈಕು ಹಿಡಿಯುವುದು ಗಾಳಿಯನ್ನು. ಕಂಡೆನ್ಸರ್ ಮೈಕಿನೊಳಗೆ ವಿದ್ಯುತ್ ತುಂಬಿದ ತಗಡೊಂದರ ಎದುರಿಗೆ ಬಹಳ ತೆಳುವಾದ ಪೊರೆ ಇರುತ್ತದೆ. ಹಾಡಿನ ಗಾಳಿ ಒತ್ತಿದಂತೆ ಪೊರೆ ಅಲುಗುತ್ತದೆ, ನಡುವಿನ ಅಂತರ ಹೆಚ್ಚುಕಡಿಮೆಯಾಗುತ್ತದೆ, ವಿದ್ಯುತ್ತೂ ಹಾಗೆಯೇ ಏರಿಳಿಯುತ್ತದೆ. ಡೈನಾಮಿಕ್ ಮೈಕಿನಲ್ಲಿ ಪೊರೆಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಓಡಾಡುತ್ತದೆ. ಯುಎಸ್‌ಬಿ ಮೈಕಿನ ವಿಶೇಷವೆಂದರೆ ಈ ಏರಿಳಿತವನ್ನು ಅಂಕಿಗಳಾಗಿಸುವ ಭಾಗವೂ ಅದರ ಹೊಟ್ಟೆಯೊಳಗೇ ಇರುತ್ತದೆ. ಆದ್ದರಿಂದ ಬೇರೆ ಪೆಟ್ಟಿಗೆ ಬೇಡ, ಲ್ಯಾಪ್‌ಟಾಪಿಗೆ ಚುಚ್ಚಿದರೆ ಸಾಕು. ಸಾಮಾನ್ಯವಾಗಿ ಸೆಕೆಂಡಿಗೆ 48,000 ಸಲ ಅದು ಅಳೆಯುತ್ತದೆ. 16 ಬಿಟ್ ಆದರೆ ಪ್ರತಿ ಅಳತೆಗೂ 65,536 ಮೆಟ್ಟಿಲುಗಳಿರುತ್ತವೆ.

ಎರಡು ಅಳತೆಗಳ ನಡುವೆ ಹಾಡಿನ ಜೀವ ಸೋರಿಹೋಗುತ್ತದೆ ಎಂದು ನಂಬುವವರಿದ್ದಾರೆ. ಆ ಅನುಮಾನಕ್ಕೆ ಆಧಾರವಿಲ್ಲ. ಸೆಕೆಂಡಿಗೆ 48,000 ಅಳತೆಯಿದ್ದರೆ 24,000 ಹರ್ಟ್ಸ್‌ಗಿಂತ ಕೆಳಗಿನ ಕಂಪನಗಳೆಲ್ಲ ಅಂಕಿಗಳಿಂದ ಮತ್ತೆ ಪೂರ್ತಿಯಾಗಿ ಮೂಡಬಲ್ಲವು. ಮನುಷ್ಯನ ಕಿವಿಯ ಮಿತಿ ಸುಮಾರು 20,000. ನೈಯಾಯಿಕರ ಲೆಕ್ಕದಲ್ಲಂತೂ ಎದುರಿಗೆ ಕೂತು ಕೇಳುವವನಿಗೂ ಮೂಲಶಬ್ದ ಸಿಗುವುದಿಲ್ಲ, ಸಾಲಿನ ಕೊನೆಯದು ಸಿಗುತ್ತದೆ. ಯಂತ್ರ ಆ ಸಾಲನ್ನು ಇನ್ನಷ್ಟು ಉದ್ದ ಮಾಡಿತು ಎನ್ನಬಹುದು, ಬೇರೆ ಜಾತಿಯದಾಗಿ ಮಾಡಿತು ಎನ್ನುವಂತಿಲ್ಲ. ಕೊರತೆ ಇರುವುದು ಕೇಶಿರಾಜ ಹೆಸರಿಸಿದ ಇಷ್ಟದ ಕಡೆ. ಧ್ವನಿಮುದ್ರಣದಿಂದ ಬರುವ ಶಬ್ದಕ್ಕೆ ಗಾಳಿ ಇದೆ, ಜೀವದ ಇಷ್ಟ ಇಲ್ಲ. ಅಜ್ಜಿ ಹಾಡಬೇಕೆಂದು ಹಾಡಿದಳು; ಫೈಲು ಮಾತ್ರ ಗುಂಡಿ ಒತ್ತಿದವರ ಇಷ್ಟದಿಂದ ಹಾಡುತ್ತದೆ. ಇಷ್ಟ ಕೈ ಬದಲಾಯಿಸಿದಾಗ ಅದರ ಹೊಣೆಯೂ ಕೈ ಬದಲಾಯಿಸುತ್ತದೆ. ಈ ಹೊಣೆ ಮೈಕನ್ನು ಆರಿಸುವ ಹೊತ್ತಿನಲ್ಲೇ ಶುರುವಾಗುತ್ತದೆ.

ಮೊದಲು ನೋಡಬೇಕಾದದ್ದು ಮೈಕು ಯಾವ ದಿಕ್ಕಿಗೆ ಕಿವಿಗೊಡುತ್ತದೆ ಎಂಬುದನ್ನು. ಶಬ್ದ ಕದಂಬದ ಮೊಗ್ಗಿನಂತೆ ಸುತ್ತಲೂ ಅರಳುತ್ತದೆ. ಸುತ್ತಲಿನದನ್ನೆಲ್ಲ ತೆಗೆದುಕೊಳ್ಳುವ ಮೈಕಿನೊಳಕ್ಕೆ ಜೀರುಂಡೆ, ಹಂಚಿನ ಮೇಲಿನ ಮಳೆ, ಕಣದ ಬದಿಯ ಕಾಫಿ ಪಲ್ಪರ್ ಎಲ್ಲವೂ ಬರುತ್ತವೆ. ಕಾರ್ಡಿಯಾಯ್ಡ್ ಎಂದು ಬರೆದಿರುವ ಮೈಕು ಮುಂದಿನದನ್ನು ಚೆನ್ನಾಗಿ, ಬದಿಯದನ್ನು ಕಡಿಮೆ, ಹಿಂದಿನದನ್ನು ಬಹಳ ಕಡಿಮೆ ಕೇಳುತ್ತದೆ. ಒಬ್ಬರೇ ಹಾಡುವಾಗ ಅದೇ ಬೇಕು. ಅಗ್ಗದ ಯುಎಸ್‌ಬಿ ಮೈಕುಗಳಲ್ಲಿ ಹೆಚ್ಚಿನವು ಕಂಡೆನ್ಸರ್ ಬಗೆಯವು. ಫಿಫೈನ್, ಮಾವೊನೊ ಮುಂತಾದ ಹೆಸರಿನಲ್ಲಿ ಸಿಗುತ್ತವೆ. ಸಣ್ಣ ದನಿಯನ್ನೂ ಅವು ಬಿಡುವುದಿಲ್ಲ, ಅಡುಗೆಮನೆಯ ಪಾತ್ರೆಯ ಸದ್ದನ್ನೂ ಬಿಡುವುದಿಲ್ಲ. ಸ್ಯಾಮ್ಸನ್ ಕ್ಯೂ2ಯು ರೀತಿಯ ಡೈನಾಮಿಕ್ ಮೈಕಿಗೆ ಸಾಮಾನ್ಯವಾಗಿ ಹೆಚ್ಚು ದುಡ್ಡು ಬೇಕು. ಬಾಯಿಗೆ ಹತ್ತಿರ ಹಿಡಿದು ಬಳಸುವ ಅದರಲ್ಲಿ ಹೊರಗಿನ ಗದ್ದಲ ಕಡಿಮೆ ಬೀಳುತ್ತದೆ. ಆದರೆ ವಯಸ್ಸಾದವರ ಬಾಯಿಗೆ ಮೈಕು ಹಿಡಿದರೆ ಅವರು ಹಾಡನ್ನು ಮರೆತು ಮೈಕನ್ನು ನೋಡತೊಡಗುತ್ತಾರೆ. ಸದ್ದಿಲ್ಲದ ಕೋಣೆ ಸಿಗುವುದಾದರೆ ಕಂಡೆನ್ಸರೇ ಅವರಿಗೆ ಹಿತ. ಪೊಟ್ಟಣದ ಮೇಲೆ ಅಳತೆಯ ವೇಗ 192 ಕಿಲೋಹರ್ಟ್ಸ್ ಎಂದು ದಪ್ಪಕ್ಷರದಲ್ಲಿ ಬರೆದದ್ದಕ್ಕೆ ಮರುಳಾಗಬೇಕಿಲ್ಲ. ಇಯರ್‌ಫೋನ್ ಹಾಕಲು ಮೈಕಿನಲ್ಲೇ ತೂತು ಇದೆಯೇ, ಗೇನ್ (ದನಿ ಹಿಡಿಯುವ ಮಟ್ಟ) ತಿರುಗಿಸುವ ಗುಬುಟು ಇದೆಯೇ ಎಂದು ನೋಡುವುದು ಹೆಚ್ಚು ಉಪಯುಕ್ತ.

ಇಡುವ ಜಾಗಕ್ಕೆ ಜೈನರ ಲಕ್ಷಣವೇ ದಾರಿ ತೋರಿಸುತ್ತದೆ: ತಡೆಯುವುದು, ಅಡಗಿಸುವುದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನ ಜಡಿಮಳೆಯಲ್ಲಿ ತಗಡಿನ ಸೂರಿನ ಕೆಳಗೆ ಯಾವ ಮೈಕೂ ಕೆಲಸಕ್ಕೆ ಬಾರದು. ಹಂಚಿನ ಮನೆಯಲ್ಲಿ ಮರದ ಅಟ್ಟವಿರುವ ಒಳಕೋಣೆ ಇದ್ದರೆ ಮೇಲಿನ ಸದ್ದನ್ನು ಅದು ಅಷ್ಟಿಷ್ಟು ತಡೆಯುತ್ತದೆ. ಗೋಡೆಗೆ ಕಂಬಳಿ ಇಳಿಬಿಟ್ಟು, ಮೂಲೆಗೆ ಹಾಸಿಗೆ ಒರಗಿಸಿದರೆ ಮಾರ್ದನಿ ಅಡಗುತ್ತದೆ. ಕಿಟಕಿಯ ಕಡೆಗೆ ಮೈಕಿನ ಬೆನ್ನು, ಹಾಡುವವರ ಕಡೆಗೆ ಅದರ ಮುಖ ಬರಬೇಕು; ನಿಲ್ಲಿಸಿ ಬಳಸುವ ಹಲವು ಮೈಕುಗಳಲ್ಲಿ ಮುಖ ಇರುವುದು ತುದಿಯಲ್ಲಲ್ಲ, ಪಕ್ಕದಲ್ಲಿ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ ಸಾಕು. ಬಯಲಿನಲ್ಲಿ ಅಂತರ ಇಮ್ಮಡಿಯಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ಕೋಣೆಯ ಗದ್ದಲವಾದರೋ ಇದ್ದಷ್ಟೇ ಇರುತ್ತದೆ. ಹಾಗಾಗಿ ಹತ್ತಿರ ತರುವುದೇ ಎಲ್ಲಕ್ಕಿಂತ ದೊಡ್ಡ ಸುಧಾರಣೆ, ಅದಕ್ಕೆ ಕಾಸೂ ಬೇಡ. ಪ, ಬ, ಭ ಅಕ್ಷರಗಳ ಉಸಿರು ಪೊರೆಗೆ ಬಡಿಯದಂತೆ ಮೈಕನ್ನು ಬಾಯಿಯ ನೇರಕ್ಕಿಡದೆ ಸ್ವಲ್ಪ ಬದಿಗಿಡಬೇಕು, ಇಲ್ಲವೇ ತೆಳುಬಟ್ಟೆಯ ಚೌಕಟ್ಟನ್ನು ಅಡ್ಡ ಇಡಬೇಕು. ಬರಿಯ ಮೇಜಿನ ಮೇಲೆ ಇಟ್ಟರೆ ಕೈತಾಳದ ಏಟೂ ಸೇರುತ್ತದೆ. ಮಡಿಸಿದ ಟವೆಲು ಕೆಳಗಿದ್ದರೆ ಸಾಕು.

ಕಂಪ್ಯೂಟರಿನಲ್ಲಿ ಆಡಾಸಿಟಿಯಂಥ ಉಚಿತ ತಂತ್ರಾಂಶ ತೆರೆದು, ಒಳಬರುವ ಸಾಧನವಾಗಿ ಯುಎಸ್‌ಬಿ ಮೈಕನ್ನೇ ಆರಿಸಬೇಕು. ಎಷ್ಟೋ ಸಲ ಲ್ಯಾಪ್‌ಟಾಪಿನ ಸ್ವಂತ ಮೈಕೇ ಆಯ್ಕೆಯಾಗಿ ಉಳಿದಿರುತ್ತದೆ. ಪದದ ಅತಿ ಏರಿನ ಸಾಲನ್ನು ಮೊದಲು ಹಾಡಿಸಿ, ಸೂಚಿ -12ರಿಂದ -6 ಡೆಸಿಬಲ್ ನಡುವೆ ಮುಟ್ಟುವಂತೆ ಗೇನ್ ತಿರುಗಿಸಬೇಕು. ಸೊನ್ನೆ ದಾಟಿದ ದನಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಸರಿಯಾಗಿ ಕೂಡಿಸಲು ಬರುವುದಿಲ್ಲ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಚಾರ್ಜರ್ ಚುಚ್ಚಿದರೆ ಗುಂಯ್ ಎಂಬ ಸದ್ದು ಬೀಳಬಹುದು. ಬ್ಯಾಟರಿಯ ಮೇಲೆ ನಡೆಸಿದರೆ ಅದೂ ಇಲ್ಲ, ಕರೆಂಟು ಹೋಗುವ ಭಯವೂ ಇಲ್ಲ. ಗುಡ್ಡಗಾಡಿನ ತೇವ ಕಂಡೆನ್ಸರ್ ಪೊರೆಗೆ ಒಗ್ಗದು. ಕೆಲಸ ಮುಗಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬೇಕು.

ಗಾಳಿಯ ವ್ಯವಸ್ಥೆ ಇಷ್ಟಕ್ಕೆ ಮುಗಿಯಿತು. ಇಷ್ಟದ ವ್ಯವಸ್ಥೆ ಅಷ್ಟು ಸುಲಭದ್ದಲ್ಲ. ಸುಗ್ಗಿಯ ಪದಕ್ಕೆ ಸುಗ್ಗಿಯ ಕಾಲವಿದೆ, ಸೋಬಾನೆಗೆ ಮದುವೆಯ ಚಪ್ಪರವಿದೆ. ಹೊತ್ತಲ್ಲದ ಹೊತ್ತಿನಲ್ಲಿ ದೇವಿಯ ಪದ ಹಾಡಲು ಹಿಂಜರಿಯುವ ಹಿರಿಯರಿಗೆ ಬೇಗ ಮುಗಿಸಿ ಎಂದು ಒತ್ತಾಯಿಸುವುದು ಸಲ್ಲದು. ಅವರ ಹಿಂಜರಿಕೆಯೂ ಆ ಪದದ ಭಾಗವೇ. ಮೀಮಾಂಸೆಯ ಪ್ರಕಾರ ನೋಡಿದರೂ ನಿತ್ಯವಾದದ್ದು ತೋರುವುದು ಬಾಯಿಯಿಂದ. ಯಾವಾಗ ತೋರಬೇಕು ಎಂಬ ನಿರ್ಧಾರ ಆ ಬಾಯಿಯ ಒಡತಿಯದು. ಹಾಡು ಎಲ್ಲಿಗೆ ಹೋಗುತ್ತದೆ, ಮನೆಯೊಳಗೇ ಉಳಿಯುತ್ತದೆಯೋ ಊರೆಲ್ಲ ಕೇಳುತ್ತದೆಯೋ ಎಂದು ಹಾಡುವ ಮುಂಚೆ ಹೇಳಿ ಒಪ್ಪಿಗೆ ಪಡೆಯಬೇಕು. ಬೇಡ ಎಂದ ಪದವನ್ನು ಮೈಕು ಮುಚ್ಚಿಟ್ಟು ಹಿಡಿದರೆ ಗಾಳಿ ಸಿಕ್ಕೀತು, ಇಷ್ಟ ಕದ್ದದ್ದಾಗುತ್ತದೆ.

ಹಾಡನ್ನು ಹೊತ್ತೊಯ್ಯುವ ಇನ್ನೊಂದು ಬಗೆಯೂ ಈ ನೆಲಕ್ಕೆ ಗೊತ್ತಿದೆ. ಸಕಲೇಶಪುರದ ಎಸ್. ಕೆ. ಕರೀಂ ಖಾನ್ ಊರೂರು ತಿರುಗಿ ಜನಪದ ಗೀತೆಗಳನ್ನು ಕೂಡಿಸಿದವರು, ತಾವೇ ಹಾಡಿ ತೋರಿಸಿದವರು; ಜನ ಅವರನ್ನು ಜಾನಪದ ಜಂಗಮ ಎಂದು ಕರೆದರು. 2006ರಲ್ಲಿ ಅವರು ತೀರಿಕೊಂಡರು. ಕಲಿತು ಹಾಡುವವರ ಬಾಯಲ್ಲಿ ಪದಕ್ಕೆ ಮತ್ತೊಂದು ಜೀವದ ಇಷ್ಟ ಸಿಗುತ್ತದೆ, ಹೊಣೆಯೂ ಜೊತೆಗೇ ಬರುತ್ತದೆ. ಬರವಣಿಗೆಯದು ಮೂರನೆಯ ದಾರಿ. 1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾರಾವ್ 1938ರ ‘ಕಾಂತಾಪುರ’ ಕಾದಂಬರಿಯಲ್ಲಿ ಗ್ರಾಮದೇವತೆ ಕೆಂಚಮ್ಮನನ್ನೂ ಹೇಮಾವತಿ ನದಿಯನ್ನೂ ಅಚ್ಚಕ್ಕನೆಂಬ ಮುದುಕಿಯ ಮಾತಿನಲ್ಲಿ, ಇಂಗ್ಲಿಷಿನಲ್ಲಿ ತಂದರು. ಅಲ್ಲಿ ಅಚ್ಚಕ್ಕನ ಹಿಂದೆ ಬರೆದವರ ಇಷ್ಟವಿದೆ ಎಂದು ಓದುಗರಿಗೆ ಗೊತ್ತಿರುತ್ತದೆ. ಯಂತ್ರದ ತೊಡಕು ಇಲ್ಲೇ: ಅದು ಹಿಡಿದವರನ್ನು ಮರೆಮಾಡುತ್ತದೆ, ಹಾಡು ತಾನಾಗಿಯೇ ಬಂದಂತೆ ಕೇಳಿಸುತ್ತದೆ. ದೂರ, ದಿಕ್ಕು, ಗೇನ್, ಎಲ್ಲಿ ಕತ್ತರಿಸಿದ್ದು ಎಂಬುದೆಲ್ಲ ಒಬ್ಬರ ತೀರ್ಮಾನ ಎಂದು ಕೇಳುವವರಿಗೆ ತಿಳಿಯುವುದಿಲ್ಲ.

ಧ್ವನಿಮುದ್ರಣ ಕೇಳಿ ಕಲಿಯಬಹುದೇ? ಬರೆದದ್ದನ್ನು ನೋಡಿ ಓದುವವನನ್ನು ‘ಪಾಣಿನೀಯ ಶಿಕ್ಷೆ’ ಕೀಳು ಪಾಠಕರ ಪಟ್ಟಿಯಲ್ಲಿ ಇಟ್ಟಿತು; ಅದೇ ಪಟ್ಟಿಯಲ್ಲಿ ಅರ್ಥ ತಿಳಿಯದೆ ಹೇಳುವವನೂ ಇದ್ದಾನೆ. ಬರೆದ ಓಲೆ ತಪ್ಪನ್ನು ತಿದ್ದಲಾರದು ಎಂಬುದು ಆ ಆಕ್ಷೇಪದ ಹುರುಳು ಎಂದುಕೊಂಡರೆ, ಫೈಲೂ ತಿದ್ದಲಾರದು. ಆದರೂ ಎಳೆತ, ಉಸಿರು ತೆಗೆದುಕೊಳ್ಳುವ ಜಾಗ, ಸಾಲು ಮಡಚುವ ರೀತಿ ಓಲೆಯಲ್ಲಿ ಇಲ್ಲ, ಒಳ್ಳೆಯ ಮುದ್ರಣದಲ್ಲಿ ಇವೆ. ಶರಣರು ಅರುಹನ್ನೂ (ಅರಿವು) ಕುರುಹನ್ನೂ (ಅದರ ಗುರುತಾದ ಇಷ್ಟಲಿಂಗ) ಬೇರೆ ಮಾಡಿ ನೋಡಿದರು, ಕುರುಹನ್ನು ಅಂಗೈಯಲ್ಲಿ ಹಿಡಿದೇ ಅರುಹಿನತ್ತ ನಡೆದರು. ಮುದ್ರಣಕ್ಕೆ ಅಂಥ ಕುರುಹಿನ ಸ್ಥಾನ ಕೊಡುವುದು ನ್ಯಾಯ: ಗೌರವದಿಂದ ಇಟ್ಟುಕೊಳ್ಳತಕ್ಕದ್ದು, ಹಾಡುವವರಿರುವಾಗ ಅವರ ಬಳಿಗೇ ಕಳಿಸತಕ್ಕದ್ದು. ದೇವಸ್ಥಾನದಲ್ಲಿ ಹಾಡುವವರಿದ್ದೂ ಅವರನ್ನು ಕೂರಿಸಿ ಸ್ಪೀಕರಿನಲ್ಲಿ ಪದ ಹಾಕುವುದು ಕುರುಹಿಗೆ ಅದರದಲ್ಲದ ಕೆಲಸ ಹೊರಿಸಿದಂತೆ.

ಹಿಡಿದದ್ದನ್ನು ವೇವ್ ಫೈಲಾಗಿ ಉಳಿಸಬೇಕು. 48,000 ಅಳತೆ, 16 ಬಿಟ್, ಒಂದೇ ಚಾನೆಲ್ ಆದರೆ ನಿಮಿಷಕ್ಕೆ 5.76 ಎಂಬಿ, ಗಂಟೆಗೆ ಸುಮಾರು 346 ಎಂಬಿ ಆಗುತ್ತದೆ. ಹಂಚಲು ಎಂಪಿ3 ಸಾಲುತ್ತದೆ, ಮೂಲವನ್ನು ಅಳಿಸಬಾರದು. ಎರಡು ಕಡೆ ಪ್ರತಿ ಇರಬೇಕು, ಒಂದು ಊರಲ್ಲೇ. ಪ್ರತಿ ಪದದ ಆರಂಭದಲ್ಲಿ ಹಾಡುವವರೇ ತಮ್ಮ ಹೆಸರು, ಊರು, ಪದ ಯಾವ ಹೊತ್ತಿನದು, ಯಾರಿಂದ ಕಲಿತದ್ದು ಎಂದು ಹೇಳಿದರೆ ಚೀಟಿ ಕಳೆದರೂ ಗುರುತು ಕಳೆಯುವುದಿಲ್ಲ. ಯಾರು ಕೇಳಬಹುದು, ಯಾವ ಕಾಲದಲ್ಲಿ ಕೇಳಬಾರದು ಎಂಬ ಅವರ ಮಾತನ್ನೂ ಅದೇ ಫೈಲಿನಲ್ಲಿ ಅವರದೇ ದನಿಯಲ್ಲಿ ಹಿಡಿಯಬೇಕು. ಮುಂದೆ ಗುಂಡಿ ಒತ್ತುವವರಿಗೆ ಪದಕ್ಕಿಂತ ಮೊದಲು ಆ ಮಾತು ಕೇಳಿಸುತ್ತದೆ.