ಅತಿಥಿಧರ್ಮ

ಅತಿಥಿಯನ್ನು ದೇವರೆಂದು ಭಾವಿಸಬೇಕೆಂಬ ತೈತ್ತಿರೀಯೋಪನಿಷತ್ತಿನ ಬೋಧೆಯನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಅದು ಮನೆಯೊಡೆಯನನ್ನು ಕುರಿತ ಬೋಧೆ. ಬಂದವರ ಕಾಲಿಗೆ ನೀರು ಕೊಡಬೇಕು, ಉಣಬಡಿಸಬೇಕು, ಮಲಗಲು ಸ್ಥಳ ತೋರಿಸಬೇಕು ಎಂಬ ವಿಧಿಗಳೆಲ್ಲ ಅವನಿಗೇ ಸಂಬಂಧಿಸಿದವು. ಹಾಗಾದರೆ ಬಂದವನಿಗೆ ಯಾವ ಧರ್ಮವೂ ಇಲ್ಲವೆ? ದೇವರೆನಿಸಿಕೊಂಡವನು ಹೇಗೆ ನಡೆದುಕೊಳ್ಳಬೇಕು? ಈ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡವರಲ್ಲ. ದೂರದ ಜಪಾನು ದೇಶದ ಒಂದು ಬಗೆಯ ತಂಗುಮನೆಯ ರೀತಿನೀತಿಗಳನ್ನು ಪರಿಶೀಲಿಸಿದರೆ ಇದಕ್ಕೊಂದು ಉತ್ತರ ದೊರಕುತ್ತದೆ. ಆ ಉತ್ತರದ ಬೆನ್ನಿಗೇ ಇನ್ನೂ ಕಠಿಣವಾದ ಮತ್ತೊಂದು ಪ್ರಶ್ನೆಯೂ ಏಳುತ್ತದೆ.

ಜಪಾನು ಜ್ವಾಲಾಮುಖಿಗಳ ನಾಡು. ಭೂಗರ್ಭದ ಶಾಖದಿಂದ ಕಾದ ನೀರು ಅಲ್ಲಿ ಸಾವಿರಾರು ಕಡೆಗಳಲ್ಲಿ ಬುಗ್ಗೆಯಾಗಿ ಹೊರಹೊಮ್ಮುತ್ತದೆ. ಇಂಥ ಬುಗ್ಗೆಗೆ ಅವರ ನುಡಿಯಲ್ಲಿ ‘ಓನ್ಸೆನ್’ ಎಂದು ಹೆಸರು. 25 ಡಿಗ್ರಿ ಸೆಂಟಿಗ್ರೇಡಿಗೆ ಕಡಮೆಯಿಲ್ಲದ ಶಾಖವಾಗಲಿ, ಗೊತ್ತುಪಡಿಸಿದ ಖನಿಜಗಳಾಗಲಿ ಇರುವ ನೀರಿಗೆ ಮಾತ್ರ ಈ ಹೆಸರು ಸಲ್ಲುವುದೆಂದು 1948ರ ಶಾಸನವೊಂದು ನಿಗದಿ ಮಾಡಿದೆ. ಹಳೆಯ ಮಾದರಿಯ ತಂಗುಮನೆಯನ್ನು ಅವರು ‘ರ್ಯೋಕನ್’ ಎನ್ನುತ್ತಾರೆ. ಬುಗ್ಗೆಗಳ ಪಕ್ಕದಲ್ಲಿ ಇಂಥವು ಬಹಳ. ಇಶಿಕಾವಾ ಪ್ರಾಂತದ ಅವಾಜು ಎಂಬಲ್ಲಿರುವ ‘ಹೋಶಿ’ ಎಂಬ ತಂಗುಮನೆಯು 718ರಲ್ಲಿ ಆರಂಭವಾಯಿತೆಂದು ಅಲ್ಲಿನ ಪರಂಪರೆ ಹೇಳುತ್ತದೆ. ನಮ್ಮಲ್ಲಿ ಬಾದಾಮಿಯ ಚಾಲುಕ್ಯ ವಿಜಯಾದಿತ್ಯನು ಆಳುತ್ತಿದ್ದ ಕಾಲವದು.

ಇಂಥ ಮನೆಗೆ ಬಂದವನು ಹೊಸ್ತಿಲಲ್ಲಿಯೇ ಪಾದರಕ್ಷೆಗಳನ್ನು ಬಿಡುತ್ತಾನೆ. ಹುಲ್ಲಿನ ದಪ್ಪ ಚಾಪೆಗಳನ್ನು ಹಾಸಿದ ಕೋಣೆ. ಅಲ್ಲಿ ಮೋಟು ಕಾಲಿನ ಒಂದು ಮೇಜು, ಕುಳಿತುಕೊಳ್ಳಲು ಮೆತ್ತೆ. ಮಂಚವಿಲ್ಲ, ಇರುಳಾದ ಮೇಲೆ ಸೇವಕರು ಬಂದು ಗೋಡೆಯ ಗೂಡಿನಿಂದ ಹಾಸಿಗೆಯನ್ನು ತೆಗೆದು ನೆಲದ ಮೇಲೆ ಹಾಸುತ್ತಾರೆ. ತಂಗಿದವರಿಗೆಲ್ಲ ಮನೆಯವರೇ ಒಂದೇ ಬಗೆಯ ಹತ್ತಿಯ ನಿಲುವಂಗಿಯನ್ನು ಕೊಡುತ್ತಾರೆ. ಅದನ್ನು ತೊಟ್ಟು ಮೊಗಸಾಲೆಯಲ್ಲಿ ಎದುರುಬದುರಾದ ಇಬ್ಬರಲ್ಲಿ ವರ್ತಕನಾರು, ಗುಮಾಸ್ತನಾರು ಎಂದು ತಿಳಿಯುವುದು ಕಷ್ಟ.

ಮುಖ್ಯವಾದುದು ಸ್ನಾನ. ಗಂಡಸರಿಗೂ ಹೆಂಗಸರಿಗೂ ಸಾಮಾನ್ಯವಾಗಿ ಬೇರೆ ಬೇರೆ ಕೊಳಗಳಿರುತ್ತವೆ. ಕೊಳಕ್ಕೆ ನೇರವಾಗಿ ಇಳಿಯುವಂತಿಲ್ಲ. ಮೊದಲು ಪಕ್ಕದ ಸಣ್ಣ ಮಣೆಯ ಮೇಲೆ ಕುಳಿತು, ಸಾಬೂನಿನಿಂದ ಮೈ ತೊಳೆದು, ನೊರೆಯ ಲವಲೇಶವೂ ಉಳಿಯದಂತೆ ನೀರು ಸುರಿದುಕೊಳ್ಳಬೇಕು. ಕೈಯಲ್ಲಿರುವ ಸಣ್ಣ ವಸ್ತ್ರವನ್ನು ಕೂಡ ಕೊಳದಲ್ಲಿ ಅದ್ದಬಾರದು. ನಮಗೆ ಇದು ವಿಚಿತ್ರವಾಗಿ ತೋರಬಹುದು: ನಾವು ಶುಚಿಯಾಗಲು ನೀರಿಗಿಳಿಯುತ್ತೇವೆ; ಅವರು ಶುಚಿಯಾದ ಮೇಲೆ ಇಳಿಯುತ್ತಾರೆ. ಕಾರಣ ಸರಳವಾದುದು. ಅದೇ ನೀರಿನಲ್ಲಿ ತನ್ನ ಅನಂತರ ಬೇರೊಬ್ಬನು ಇಳಿಯಬೇಕಾಗಿದೆ. ಅವನ ಮುಖವನ್ನು ತಾನು ಕಂಡಿಲ್ಲ, ಕಾಣುವುದೂ ಇಲ್ಲ. ಆದರೂ ಅವನಿಗಾಗಿ ನೀರನ್ನು ತಿಳಿಯಾಗಿ ಬಿಟ್ಟುಹೋಗುವುದು ತನ್ನ ಹೊಣೆ. ನಮ್ಮ ಮೊದಲನೆಯ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಅತಿಥಿಯ ಧರ್ಮವು ಮನೆಯೊಡೆಯನ ಕಡೆಗೆ ಮಾತ್ರವಲ್ಲ, ತನ್ನ ಹಿಂದೆ ಬರುವ ಅತಿಥಿಯ ಕಡೆಗೂ ಇದೆ.

ಬಿಸಿನೀರಿನ ಬುಗ್ಗೆ ಕನ್ನಡನಾಡಿನಲ್ಲಿ ಅಪರೂಪ. ಪುತ್ತೂರಿನ ಬಳಿ ಇರ್ದೆಯಲ್ಲಿ ಬೆಂದ್ರ್‌ತೀರ್ಥವೊಂದಿದೆ. ಆದರೆ ರೋಗ ಕಳೆಯುವ ನೀರಿನ ಕಥೆ ನಮ್ಮ ಹತ್ತಿರದಲ್ಲಿಯೇ ಇದೆ. ಜಹೀರಾಬಾದಿನ ಸಮೀಪದ ಝರಾಸಂಗಮದಲ್ಲಿ ಕೇತಕೀ ಸಂಗಮೇಶ್ವರನ ಗುಡಿಯ ಕುಂಡವನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಕುಪೇಂದ್ರನೆಂಬ ಅರಸನು ಚರ್ಮರೋಗದಿಂದ ಬಳಲುತ್ತ, ಬೇಟೆಗೆಂದು ಅಲೆಯುತ್ತ ಕೇತಕೀವನಕ್ಕೆ ಬಂದು ಅಲ್ಲಿನ ಝರಿಯ ನೀರನ್ನು ಮೈಗೆ ಸೋಂಕಿಸಿಕೊಳ್ಳಲು, ರೋಗವು ಗುಣವಾಯಿತೆಂದು ಸ್ಥಳಪುರಾಣ. ಕಥೆ ಸುಂದರವಾಗಿದೆ. ಆದರೆ ಅವನು ಅರಸನಾಗಿದ್ದನು, ವನವು ನಿರ್ಜನವಾಗಿತ್ತು, ತಡೆಯುವವರು ಯಾರೂ ಇರಲಿಲ್ಲ. ಅದೇ ರೋಗವುಳ್ಳ ಒಬ್ಬ ಬಡವನು, ಜನ ಸೇರಿರುವ ಹೊತ್ತಿನಲ್ಲಿ ಆ ನೀರಿನ ಬಳಿಗೆ ಬಂದಿದ್ದರೆ ಕಥೆಯು ಹೀಗೆಯೇ ಮುಗಿಯುತ್ತಿತ್ತೆ?

ಇದು ಕಲ್ಪನೆಯ ಪ್ರಶ್ನೆಯಲ್ಲ. 2003ರ ನವೆಂಬರಿನಲ್ಲಿ ಜಪಾನಿನ ಕುಮಾಮೊಟೊ ಪ್ರಾಂತದಲ್ಲಿ, ಕುರೊಕಾವಾ ಎಂಬ ಹೆಸರಾಂತ ಬಿಸಿನೀರಿನ ಊರಿನಲ್ಲಿ, ಇದು ನಿಜವಾಗಿಯೇ ಎದುರಾಯಿತು. ಕುಷ್ಠರೋಗದಿಂದ ಎಂದೋ ಗುಣಹೊಂದಿ ಆರೋಗ್ಯಧಾಮವೊಂದರಲ್ಲಿ ವಾಸವಾಗಿದ್ದ ಕೆಲವರು ಅಲ್ಲಿನ ಒಂದು ಹೋಟೆಲಿನಲ್ಲಿ ತಂಗುವುದೆಂದು ಪ್ರಾಂತದ ಸರಕಾರವೇ ಏರ್ಪಾಡು ಮಾಡಿತ್ತು. ಅವರು ಯಾರೆಂಬುದು ತಿಳಿದೊಡನೆ ಹೋಟೆಲಿನವರು ಒಲ್ಲೆವೆಂದರು. ಉಳಿದ ಅತಿಥಿಗಳಿಗೆ ತೊಂದರೆಯಾಗುವುದೆಂಬುದು ಅವರು ಕೊಟ್ಟ ಕಾರಣ. ರೋಗಿಗಳನ್ನು ಬೇರ್ಪಡಿಸಿ ಇಡುತ್ತಿದ್ದ ಕಾನೂನು ಆ ದೇಶದಲ್ಲಿ 1996ರಲ್ಲಿಯೇ ರದ್ದಾಗಿತ್ತು. ಅಂಥ ಬೇರ್ಪಡೆ ಅನ್ಯಾಯವೆಂದು ಕುಮಾಮೊಟೊದ ನ್ಯಾಯಾಲಯವೇ 2001ರಲ್ಲಿ ತೀರ್ಪಿತ್ತಿತ್ತು. ದೊಡ್ಡ ಗದ್ದಲವಾಯಿತು. ಹೋಟೆಲಿನವರು ಮುಂದಿಟ್ಟ ಕ್ಷಮಾಪಣೆಯನ್ನು ಆ ವೃದ್ಧರು ಸಾಲದೆಂದು ನಿರಾಕರಿಸಿದಾಗ, ಅವರಿಗೇ ನಿಂದೆಯ ಪತ್ರಗಳ ಮಳೆಗರೆಯಿತು. ಮರುವರ್ಷ ಆ ಹೋಟೆಲು ಮುಚ್ಚಿಹೋಯಿತು. ಮೈ ತೊಳೆದು ಇಳಿಯಬೇಕೆಂಬ ನೀತಿಯನ್ನು ಲೋಕಕ್ಕೆ ಕಲಿಸಬಲ್ಲ ನಾಡಿನಲ್ಲಿಯೂ ಹೀಗೆ ನಡೆಯಿತು.

ಈ ಎರಡು ನಿರ್ಬಂಧಗಳಿಗೂ ಇರುವ ಅಂತರವನ್ನು ಗಮನಿಸಬೇಕು. ‘ಮೈ ತೊಳೆದು ಇಳಿ’ ಎಂಬುದು ಯಾರು ಬೇಕಾದರೂ ಪಾಲಿಸಬಹುದಾದ ನಿಯಮ. ‘ನಿನಗೆ ಹಿಂದೆ ಆ ರೋಗ ಬಂದಿರಬಾರದು’ ಎಂಬುದು ಎಷ್ಟು ಪ್ರಯತ್ನಪಟ್ಟರೂ ಪಾಲಿಸಲಾಗದ ನಿಯಮ. ಮೊದಲನೆಯದು ಮನುಷ್ಯನ ನಡತೆಯನ್ನು ನೋಡುತ್ತದೆ. ಎರಡನೆಯದು ಮನುಷ್ಯನನ್ನೇ ಅಲ್ಲಗಳೆಯುತ್ತದೆ. ಬೀದರದ ನಾನಕ ಝರಾದಲ್ಲಿ ಪಾದರಕ್ಷೆ ಬಿಟ್ಟು ತಲೆಯ ಮೇಲೆ ವಸ್ತ್ರ ಹಾಕಿಕೊಂಡವರೆಲ್ಲರೂ ಒಳಗೆ ಹೋಗಬಹುದು, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು. ಅದು ಮೊದಲನೆಯ ಬಗೆ. ನಮ್ಮ ಊರುಗಳ ಬಾವಿಕಟ್ಟೆಗಳಲ್ಲಿ ಬಹುಕಾಲ ನಡೆದುಬಂದದ್ದು ಎರಡನೆಯ ಬಗೆ. ಅಲ್ಲಿ ಕೇಳುತ್ತಿದ್ದುದು ಕೊಡ ಶುಚಿಯಾಗಿದೆಯೆ ಎಂದಲ್ಲ, ಹೊತ್ತವನ ಹುಟ್ಟು ಯಾವುದೆಂದು. ನೂರು ಸಾರಿ ಮಿಂದರೂ ತೊಳೆಯಲಾಗದ್ದನ್ನು ಮೈಲಿಗೆಯೆಂದು ಕರೆದೆವು. 1927ರ ಮಾರ್ಚಿ 20ರಂದು ಅಂಬೇಡ್ಕರರು ಮಹಾಡದ ಕೆರೆಗೆ ಇಳಿದು ಬೊಗಸೆ ನೀರು ಕುಡಿದದ್ದು ಇದರ ವಿರುದ್ಧವಾಗಿ. ಬಾವಿ, ಕೆರೆ, ಸ್ನಾನಘಟ್ಟ, ಹೋಟೆಲುಗಳಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಲಾಗದೆಂದು ಸಂವಿಧಾನದ 15ನೆಯ ವಿಧಿಯು ಸಾರಿದ್ದೂ ಇದಕ್ಕಾಗಿ.

ಉಪಾಧ್ಯಾಯರಿಗೆ ಈ ವಿವೇಚನೆ ದಿನನಿತ್ಯದ್ದು. ಶಾಲೆಯ ಮೂಲೆಯಲ್ಲಿರುವ ನೀರಿನ ಹರವಿಗೆ ಕೈ ಅದ್ದಬಾರದು, ಉದ್ದ ಹಿಡಿಯ ಸೌಟಿನಿಂದಲೇ ನೀರು ತೆಗೆದುಕೊಳ್ಳಬೇಕು ಎಂದರೆ ಅದು ಶಿಕ್ಷಣ. ಇಂಥವನು ತೆಗೆದುಕೊಳ್ಳಬಾರದು, ಅವನಿಗೆ ಮೇಲಿನಿಂದ ಹೊಯ್ಯಬೇಕು ಎಂದರೆ ಅದು ಅಪರಾಧ. ಎರಡನ್ನೂ ‘ಶುಚಿತ್ವ’ ಎಂಬ ಒಂದೇ ಮಾತಿನಿಂದ ಕರೆಯುವುದೇ ನಮ್ಮ ಮೋಸದ ಮೂಲ.

ಇನ್ನೊಂದು ಸಂಗತಿಯನ್ನು ಯೋಚಿಸಬೇಕು. ಕುರೊಕಾವಾದಲ್ಲಿ ಬಾಗಿಲು ಹಾಕಿದವರು ತಮಗಾಗಿ ಹಾಕಿದೆವೆನ್ನಲಿಲ್ಲ, ಅತಿಥಿಗಳಿಗಾಗಿ ಎಂದರು. ಆ ಅತಿಥಿಗಳನ್ನು ಯಾರಾದರೂ ಕೇಳಿದ್ದರೆ? ಒಳಗೆ ಬೆಚ್ಚಗೆ ಮಿಂದು ಕುಳಿತವರಲ್ಲಿ ಹತ್ತು ಮಂದಿ ಎದ್ದುಬಂದು, ‘ನಮ್ಮ ಹೆಸರಿನಲ್ಲಿ ಬಾಗಿಲು ಹಾಕಬೇಡಿರಿ’ ಎಂದಿದ್ದರೆ? ಊರ ಬಾವಿಯಲ್ಲಿಯೂ ತಡೆ ನಡೆದದ್ದು ನೀರು ಸೇದುತ್ತಿದ್ದ ನಮ್ಮೆಲ್ಲರ ಹೆಸರಿನಲ್ಲಿಯೇ. ನಾವು ತಡೆಯಲಿಲ್ಲ, ನಿಜ. ಆದರೆ ನಮ್ಮ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ನೀರನ್ನು ತಿಳಿಯಾಗಿ ಬಿಡುವುದು ಅತಿಥಿಯ ಮೊದಲನೆಯ ಧರ್ಮವಾದರೆ, ತನ್ನ ಸುಖದ ನೆಪದಿಂದ ಇನ್ನೊಬ್ಬನನ್ನು ಹೊರಗೆ ನಿಲ್ಲಿಸಗೊಡದಿರುವುದು ಎರಡನೆಯದು; ಮತ್ತು ಅದೇ ದೊಡ್ಡದು.

ಈ ಮಾತು ಮನೂರು, ಜಹೀರಾಬಾದು, ನಾರಾಯಣಖೇಡ, ತಾಂಡೂರಿನ ನಮಗೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. 1956ರಲ್ಲಿ ಬೀದರ ಮತ್ತು ಗುಲಬರ್ಗಾ ಜಿಲ್ಲೆಗಳಿಂದ ಈ ಭಾಗಗಳು ಬೇರ್ಪಟ್ಟಾಗ ನಾವು ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಗೆರೆಯೇ ನಮ್ಮನ್ನು ದಾಟಿಹೋಯಿತು. ಅಂದಿನಿಂದ ಇದ್ದ ನೆಲದಲ್ಲಿಯೇ ಒಂದು ಬಗೆಯ ಅತಿಥಿಗಳಾಗಿ, ನಮ್ಮ ನುಡಿಗೆ ಶಾಲೆಯಲ್ಲಿ ಒಂದು ಕೋಣೆ, ಒಬ್ಬ ಉಪಾಧ್ಯಾಯ, ಒಂದು ಪುಸ್ತಕ ಬೇಕೆಂದು ಕೇಳುವವರಾದೆವು. ಬಾಗಿಲಲ್ಲಿ ನಿಂತು ಕೇಳುವುದೆಂದರೇನೆಂದು ಬಲ್ಲ ನಾವು, ನಮ್ಮ ಕೋಣೆಯ ಮೂಲೆಯಲ್ಲಿರುವ ಹರವಿಯ ಬಳಿ ಯಾರು ಹಿಂಜರಿದು ನಿಂತಿದ್ದಾರೆಂಬುದನ್ನು ಮೊದಲು ನೋಡೋಣ. ನಾವು ಕುಡಿದುಹೋದ ಮೇಲೂ ಆ ನೀರು ತಿಳಿಯಾಗಿರಬೇಕು. ಹಿಂದೆ ಬರುವವರಿಗೆಲ್ಲ ಅದು ಕೈಗೆಟುಕುವಂತಿರಬೇಕು.